ಪಿತ್ತಕೋಶದ ಆಪರೇಷನ್ನನ್ನು ಸುಗ್ಗಿಯವರೆಗೆ ಮುಂದೂಡಬೇಡಿ

ರಾಗಿ ಕೊಯ್ಲು ಮುಗಿಯಲಿ, ಒಕ್ಕಣೆಯಾಗಿ ಕಾಳು ಮನೆಗೆ ಬರಲಿ, ಆಮೇಲೆ ಆಪರೇಷನ್ ಮಾಡಿಸಿಕೊಂಡರಾಯಿತು. ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿ ನಾಲ್ಕು ದಿನದಲ್ಲಿ ಗುಣ ಕಂಡ ರೈತರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರಬಹುದು. ನಮ್ಮ ನೆಂಟರೊಬ್ಬರು ಹೀಗೆಯೇ ಹೇಳಿದ್ದರು. ಪಿತ್ತಕೋಶದಲ್ಲಿ ಕಲ್ಲಿದೆ, ಅದರಿಂದಲೇ ಮೇದೋಜೀರಕ ಗ್ರಂಥಿ ಬಾತಿದೆ, ಪಿತ್ತಕೋಶ ತೆಗೆಸಿಕೊಂಡೇ ಹೋಗಿ ಎಂದು ಡಾಕ್ಟರು ಹೇಳಿದರೂ ಕೇಳದೆ ಬಸ್ಸು ಹತ್ತಿ ಊರಿಗೆ ಬಂದರು. ಒಕ್ಕಣೆಯ ನಡುವೆಯೇ ನೋವು ಮರಳಿತು. ಈ ಸಲ ಮೂರು ವಾರ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಕಣದ ರಾಗಿಯನ್ನು ಅಕ್ಕಪಕ್ಕದವರು ಬಡಿದುಕೊಟ್ಟರು, ಕರೆಯುವ ಹಸುವನ್ನು ಮನೆಯವರು ಮಾರಿದರು.

ಯಕೃತ್ತಿನ ಕೆಳಗಿರುವ ಸಣ್ಣ ಚೀಲವೇ ಪಿತ್ತಕೋಶ. ಪಿತ್ತರಸ ಬರುವ ನಾಳವೂ, ಡಾಕ್ಟರು ಪ್ಯಾಂಕ್ರಿಯಾಸ್ ಎನ್ನುವ ಮೇದೋಜೀರಕ ಗ್ರಂಥಿಯ ನಾಳವೂ ಸಣ್ಣ ಕರುಳಿಗೆ ಬೀಳುವಲ್ಲಿ ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ. ಎರಡು ಕಾಲುವೆ ಸೇರುವ ತೂಬಿಗೆ ಕಲ್ಲು ಸಿಕ್ಕಿಕೊಂಡರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅನ್ನ ಅರಗಿಸಬೇಕಾದ ರಸ ಒಳಗೇ ನಿಂತು ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಕಲ್ಲು ಜಾರಿ ಕರುಳಿಗೆ ಹೋದರೆ ನೋವು ಇಳಿಯುತ್ತದೆ, ನಿಜ. ಆದರೆ ಚೀಲದಲ್ಲಿ ಉಳಿದ ಕಲ್ಲುಗಳು ಅಲ್ಲೇ ಇರುತ್ತವೆ. ಬಾಳೆದಿಂಡಿನ ರಸಕ್ಕೆ ಅವು ಕರಗುವುದಿಲ್ಲ. ಅದು ಮೂತ್ರಪಿಂಡದ ಕಲ್ಲಿಗೆ ಜನ ಹೇಳುವ ಮದ್ದು. ಈ ಕಲ್ಲು ಬೇರೆ, ದಾರಿಯೂ ಬೇರೆ.

ನೆದರ್ಲೆಂಡ್ಸ್ ದೇಶದ 23 ಆಸ್ಪತ್ರೆಗಳಲ್ಲಿ, ಕಲ್ಲಿನಿಂದ ಗ್ರಂಥಿ ಸ್ವಲ್ಪ ಬಾತಿದ್ದ 266 ಜನರ ಮೇಲೆ ನಡೆದ ಪರೀಕ್ಷೆಯ ಫಲ 2015ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಿಂದ ಬಿಡುವ ಮೊದಲೇ ಪಿತ್ತಕೋಶ ತೆಗೆಸಿಕೊಂಡವರಲ್ಲಿ ಆರು ತಿಂಗಳೊಳಗೆ ಕಲ್ಲಿನ ಉಪದ್ರವ ಮರುಕಳಿಸಿದ್ದು ನೂರಕ್ಕೆ 5 ಮಂದಿಗೆ. ಮನೆಗೆ ಹೋಗಿ 25ರಿಂದ 30 ದಿನ ಬಿಟ್ಟು ಬನ್ನಿ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 17 ಮಂದಿಗೆ. ತಿಂಗಳ ತಡಕ್ಕೇ ಇಷ್ಟು! ಬಾವು ಜೋರಾಗಿದ್ದು ಸುತ್ತ ನೀರು ತುಂಬಿದ್ದರೆ ಮಾತ್ರ ಅದು ಇಳಿಯುವವರೆಗೆ ಡಾಕ್ಟರೇ ಕಾಯಿಸುತ್ತಾರೆ. ಕಾಯಬೇಕೋ ಬೇಡವೋ ಎಂಬುದನ್ನು ಹೊಟ್ಟೆಯ ಸ್ಥಿತಿ ನೋಡಿ ಅವರು ಹೇಳಲಿ, ಹೊಲದ ಸ್ಥಿತಿ ನೋಡಿ ನಾವು ಹೇಳುವುದು ಬೇಡ.

ಹಾಗೆಂದು ಪಿತ್ತಕೋಶ ತೆಗೆದೊಡನೆ ಎಲ್ಲವೂ ಸರಿಹೋಗುತ್ತದೆಂದು ನಂಬಿ ಹೋಗುವವರೂ ಇದ್ದಾರೆ. ವರ್ಷಗಟ್ಟಲೆ ಕುಡಿತದಿಂದ, ಬೀಡಿ ಸಿಗರೇಟಿನಿಂದ ಗ್ರಂಥಿ ಗಟ್ಟಿಯಾಗಿ ಹೋದವರ ಕಥೆ ಬೇರೆ. ಅವರಿಗೆ ಗ್ರಂಥಿಯ ಒಳಗೇ ಕಲ್ಲಾಗಬಹುದು. ಕುಡಿತವಿಲ್ಲದ ಎಳೆಯರಲ್ಲೂ ಇಂಥ ಕಲ್ಲು ಇರುವುದನ್ನು ಕೇರಳದ ಡಾ. ಗೀವರ್ಗೀಸ್ ಅವರು 1960ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಆ ಕಲ್ಲು ಪಿತ್ತಕೋಶ ತೆಗೆದರೆ ಹೋಗುವುದಿಲ್ಲ. ಆದ್ದರಿಂದ ಸ್ಕ್ಯಾನಿಂಗ್ ಆದಮೇಲೆ ಸಂಕೋಚಪಡದೆ ಕೇಳಿ: ಕಲ್ಲು ಇರುವುದು ಪಿತ್ತಕೋಶದಲ್ಲೋ, ನಾಳದಲ್ಲೋ, ಗ್ರಂಥಿಯಲ್ಲೋ? ನಾಳದ ಕಲ್ಲಾದರೆ ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುವ ವಿಧಾನವಿದೆ. ಎರಡೂ ಕಾಯಿಲೆ ಇರುವವರಿಗೆ ಪಿತ್ತಕೋಶ ಹೋದಮೇಲೂ ಹಳೆಯ ನೋವು ಒಂದಷ್ಟು ಉಳಿಯಬಹುದು. ಕುಡಿತ, ಹೊಗೆ ಬಿಡದಿದ್ದರೆ ಅದು ಹೆಚ್ಚುತ್ತಲೇ ಹೋಗುತ್ತದೆ.

ಈಗ ಹೆಚ್ಚಾಗಿ ಮೂರು ನಾಲ್ಕು ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ತೆಗೆಯುತ್ತಾರೆ. ತೊಡಕಿಲ್ಲದಿದ್ದರೆ ಒಂದೆರಡು ದಿನಕ್ಕೆ ಮನೆ. ಭುಜ ನೋಯುವುದು ಹೊಟ್ಟೆಗೆ ತುಂಬಿದ ಗಾಳಿಯಿಂದ, ಹೆದರಬೇಡಿ. ಹಳೆಯ ಬಾವಿನಿಂದ ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ಕೊಯ್ಯಬೇಕಾಗಬಹುದು. ಆಗ ಚೇತರಿಕೆಗೆ ಆರೆಂಟು ವಾರ ಬೇಕು. ಪಿತ್ತಕೋಶವಿಲ್ಲದಿದ್ದರೂ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ, ಊಟ ಅರಗುತ್ತದೆ. ಕೆಲವು ವಾರ ಭೇದಿಯಾಗಬಹುದು. ಆದರೆ ಮಲ ಎಣ್ಣೆಯಂತೆ ನೀರಿನ ಮೇಲೆ ತೇಲಿ, ಮೈ ಇಳಿಯುತ್ತಿದ್ದರೆ ಅದು ಗ್ರಂಥಿ ಸೋತ ಲಕ್ಷಣ. ಅದಕ್ಕೆ ಡಾಕ್ಟರು ಕೊಡುವ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಪ್ರಯೋಜನವಿಲ್ಲ. ಅಂಥವರು ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತಿರಬೇಕು. ಜ್ವರ, ಹಳದಿ ಕಣ್ಣು, ನಿಲ್ಲದ ವಾಂತಿ, ಹೆಚ್ಚುವ ನೋವು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ತೂತಿನ ಆಪರೇಷನ್ನಾದರೂ ನಾಲ್ಕಾರು ವಾರ ಮೂಟೆ ಹೊರುವುದು, ಗುದ್ದಲಿ ಹಿಡಿಯುವುದು ಬೇಡ. ಕೊಯ್ಲಿನ ಕಾಲದಲ್ಲಿ ಇದು ಕಷ್ಟವೆಂದು ಬಲ್ಲೆ. ಮುಯ್ಯಾಳಿನ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಆಸ್ಪತ್ರೆಗೆ ಹೊರಡುವ ಮೊದಲೇ ನೆರೆಹೊಲದವರನ್ನು ಕರೆದು, ಈ ಸಲ ನಿಮ್ಮ ಕೊಯ್ಲಿಗೆ ಅವರು, ಮುಂದಿನ ಸಲ ಅವರದಕ್ಕೆ ನೀವು ಎಂದು ಮಾತಾಡಿಕೊಂಡು ಹೋಗಿ.