ದುಡಿಮೆಯ ಹಕ್ಕೂ ಲಿಂಗಭೇದವೂ

ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದ ಕಾಲದ ಸಂಗತಿಯೊಂದು ನಮ್ಮ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಸೀರೆಯುಟ್ಟು ಬಂದ ಮಂಗಳಮುಖಿಯೊಬ್ಬಳು ಕಾಸು ಬೇಡಲಿಲ್ಲ. ಪಾತ್ರೆ ತೊಳೆಯುವ ಕೆಲಸ ಕೇಳಿದಳು. “ಅಣ್ಣಾ, ಸಂಬಳ ನೀವು ಹೇಳಿದಷ್ಟೇ ಸಾಕು” ಎಂದಳು. ಕೆಲಸದವರಿಬ್ಬರು ಊರಿಗೆ ಹೋಗಿದ್ದುದರಿಂದ ಅಂದು ಎಂಜಲು ತಟ್ಟೆಗಳು ರಾಶಿಬಿದ್ದಿದ್ದವು. ಆದರೂ “ಜಾಗವಿಲ್ಲ” ಎಂದೆವು. ಗಿರಾಕಿಗಳು ಏನೆಂದಾರೋ ಎಂಬ ಭಯ ನಮ್ಮದು. ಹತ್ತು ರೂಪಾಯಿ ಕೊಡಹೋದರೆ ಆಕೆ ತೆಗೆದುಕೊಳ್ಳದೆ ಹೊರಟುಹೋದಳು. ನಾವಾಡಿದ್ದು ಸುಳ್ಳೆಂದು ಆಕೆಗೂ ತಿಳಿದಿತ್ತು.

ಇದನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಲಿಂಗಭೇದದ ಕಾರಣದಿಂದ ಯಾರನ್ನೂ ಕೆಲಸದಿಂದ ತೆಗೆಯಬಾರದೆಂದು ಕಾಯಿದೆಯು ವಿಧಿಸಿದಾಗ, ‘ಲಿಂಗ’ವೆಂದರೆ ಹುಟ್ಟಿದ ದೇಹವಷ್ಟೆಯೇ, ಅಥವಾ ವ್ಯಕ್ತಿಯು ತನ್ನನ್ನು ಸ್ತ್ರೀಯೆಂದೋ ಪುರುಷನೆಂದೋ ಅರಿತುಕೊಂಡಿರುವುದೂ ಅದರಲ್ಲಿ ಸೇರುವುದೇ ಎಂಬ ವಾದವು ಹಲವು ದೇಶಗಳಲ್ಲಿ ನಡೆದಿದೆ.

ಅಮೆರಿಕೆಯ ಮಿಷಿಗನ್ ಪ್ರಾಂತದ ಶವಸಂಸ್ಕಾರದ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಏಮಿ ಸ್ಟೀಫನ್ಸ್, ಇನ್ನು ಮುಂದೆ ತಾನು ಸ್ತ್ರೀಯಾಗಿ ಕೆಲಸಕ್ಕೆ ಬರುವುದಾಗಿ ೨೦೧೩ರಲ್ಲಿ ಮಾಲಿಕರಿಗೆ ಪತ್ರ ಬರೆದರು, ಕೆಲಸ ಹೋಯಿತು. ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯ ಆಧಾರದ ಮೇಲೆ ವ್ಯಾಜ್ಯ ನಡೆದು, ೨೦೨೦ರ ಜೂನ್ ೧೫ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೬-೩ರ ಬಹುಮತದಿಂದ ನೌಕರರ ಪರವಾಗಿ ತೀರ್ಪಿತ್ತಿತು. ಸ್ತ್ರೀಯಾಗಿ ಹುಟ್ಟಿದವಳಲ್ಲಿ ಸಹಿಸುವ ನಡೆಯನ್ನೇ ಪುರುಷನಾಗಿ ಹುಟ್ಟಿದವರಲ್ಲಿ ಸಹಿಸದೆ ಕೆಲಸದಿಂದ ತೆಗೆದರೆ ಅದು ಲಿಂಗಭೇದವೇ ಎಂಬುದು ನ್ಯಾಯಮೂರ್ತಿ ಗೋರ್ಸಚ್ ಅವರ ತರ್ಕ. ಏಮಿ ಅದನ್ನು ಕೇಳಲು ಉಳಿದಿರಲಿಲ್ಲ. ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು.

ಭಿನ್ನಮತದ ನ್ಯಾಯಮೂರ್ತಿಗಳ ಮಾತನ್ನೂ ತಳ್ಳಿಹಾಕುವಂತಿಲ್ಲ. ೧೯೬೪ರಲ್ಲಿ ಆ ಪದಕ್ಕೆ ಯಾರೂ ಇಂಥ ಅರ್ಥ ಮಾಡಿರಲಿಲ್ಲ. ಕಾಯಿದೆಯನ್ನು ಬದಲಿಸುವುದು ಶಾಸನಸಭೆಯ ಕೆಲಸವೇ ಹೊರತು ನ್ಯಾಯಾಲಯದ್ದಲ್ಲವೆಂದು ಅವರೆಂದರು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಏಪ್ರಿಲಿನಲ್ಲಿ, ಅಲ್ಲಿಯ ೨೦೧೦ರ ಸಮಾನತಾ ಕಾಯಿದೆಯಲ್ಲಿ ‘ಲಿಂಗ’ವೆಂದರೆ ಜೈವಿಕ ಲಿಂಗವೆಂದೇ ತೀರ್ಮಾನಿಸಿತು. ಆದರೆ ಲಿಂಗ ಬದಲಿಸಿಕೊಂಡವರಿಗೆ ಅದೇ ಕಾಯಿದೆ ಬೇರೆ ಕಲಮಿನಲ್ಲಿ ಕೊಟ್ಟ ರಕ್ಷಣೆ ಉಳಿಯುವುದೆಂದೂ ಹೇಳಿತು.

ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೪ರ ಏಪ್ರಿಲ್ ೧೫ರಂದೇ, ಸಂವಿಧಾನದ ೧೫ ಮತ್ತು ೧೬ನೆಯ ವಿಧಿಗಳ ‘ಲಿಂಗ’ ಪದದಲ್ಲಿ ವ್ಯಕ್ತಿಯ ಲಿಂಗ ಗುರುತೂ ಅಡಕವಾಗಿದೆಯೆಂದಿತು. ೧೬ನೆಯ ವಿಧಿ ಸರಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿ ಮಾಲಿಕನ ಗಲ್ಲೆಯವರೆಗೆ ಅದು ಬಾರದು. ಆ ಕೊರತೆಯನ್ನು ತುಂಬಲು ಸಂಸತ್ತು ೨೦೧೯ರಲ್ಲಿ ಮಾಡಿದ ಕಾಯಿದೆಯ ೯ನೆಯ ಕಲಮು ನೇಮಕ, ಬಡ್ತಿ ಮುಂತಾದವುಗಳಲ್ಲಿ ಯಾವ ಸಂಸ್ಥೆಯೂ ಇವರಿಗೆ ಭೇದ ತೋರಬಾರದೆಂದು ವಿಧಿಸಿತು. ಕರ್ನಾಟಕವು ೨೦೨೧ರಲ್ಲಿ ರಾಜ್ಯದ ನೇಮಕಾತಿಯಲ್ಲಿ ಶೇಕಡಾ ೧ರ ಮೀಸಲಾತಿಯನ್ನೂ ಇತ್ತಿತು.

ಹೆಂಗಸರ ವಿಶ್ರಾಂತಿಗೃಹ, ಶೌಚಾಲಯಗಳ ವಿಷಯದಲ್ಲಿ ದುಡಿಯುವ ಹೆಂಗಸರಿಗಿರುವ ಅಳುಕನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಚಿಲಕವಿರುವ ಪ್ರತ್ಯೇಕ ಕೋಣೆಯೊಂದು ಪರಿಹಾರವಾದೀತು. ಯಾರು ಯಾವ ಬಾಗಿಲಿನಿಂದ ಹೋಗಬೇಕೆಂಬುದು ಒಂದು ಪ್ರಶ್ನೆ. ಯಾರು ದುಡಿದು ಉಣ್ಣಬೇಕೆಂಬುದು ಇನ್ನೊಂದು. ಮೊದಲನೆಯದು ಬಗೆಹರಿಯುವವರೆಗೆ ಎರಡನೆಯದಕ್ಕೆ “ಜಾಗವಿಲ್ಲ” ಎನ್ನುವುದು ನ್ಯಾಯವಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ಭಾಷೆ ಬಾರದ ಪಟ್ಟಣದಲ್ಲಿ “ನೀನು ಯಾರು” ಎಂದು ಕೇಳದೆ “ಏನು ಕೆಲಸ ಬರುತ್ತದೆ” ಎಂದು ಕೇಳಿದ ಪುಣ್ಯಾತ್ಮರಿಂದ ನಮ್ಮಲ್ಲಿ ಎಷ್ಟೋ ಜನ ಬದುಕಿದೆವು. ಆದುದರಿಂದ ಮಾಲಿಕ ಬಂಧುಗಳಲ್ಲಿ ನಮ್ಮ ವಿನಂತಿ: ಕಾಯಿದೆಯ ಭಯದಿಂದಲ್ಲ, ಆ ಋಣದ ನೆನಪಿನಿಂದ ಅದೇ ಪ್ರಶ್ನೆಯನ್ನು ನೀವೂ ಕೇಳಿರಿ. ಕಾರ್ಮಿಕ ಬಂಧುಗಳಲ್ಲಿಯೂ ಒಂದು ಮಾತು: ಪಕ್ಕದಲ್ಲಿ ನಿಂತು ಪಾತ್ರೆ ತೊಳೆಯುವವಳನ್ನು ಗೇಲಿಮಾಡಿ ಓಡಿಸಿದರೆ ಯಾವ ತೀರ್ಪೂ ಆಕೆಯನ್ನು ಕಾಯಲಾರದು.

ಅಂದು ನಾವಾಡಿದ ಸುಳ್ಳನ್ನು ಹಿಂದಕ್ಕೆ ಪಡೆಯುವ ಉಪಾಯ ನಮಗಿಲ್ಲ. ನಮ್ಮ ವಾಚಕರಾದರೂ ಅದನ್ನು ಆಡದಿರಲಿ.