ಕಂಬವನ್ನು ‘ಏನೋ ಒಂದು’ ಅನ್ನಬೇಡಿ!



ಗದುಗಿನ ವೀರನಾರಾಯಣ ಗುಡಿಯಲ್ಲಿ ಒಂದು ಕಂಬ ಇದೆ. ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದ ಎಂದು ಊರಿಗೆ ಊರೇ ಹೇಳುತ್ತದೆ. ನಾಳೆ ಯಾರೋ ಬಂದು ಆ ಗುಡಿಯನ್ನು ಅಳೆದು ಕಂಪ್ಯೂಟರಿಗೆ ಇಳಿಸಿದರು ಅಂತಿಟ್ಟುಕೊಳ್ಳಿ. ಆಗ ಕಂಪ್ಯೂಟರು ಒಂದೇ ಪ್ರಶ್ನೆ ಕೇಳುತ್ತದೆ: ಇದು ಏನು? ಉತ್ತರ ಹೇಳಬೇಕಾದವರು ಪರದೆಯ ಮುಂದೆ ಕೂತ ಹುಡುಗ ಹುಡುಗಿಯರು. ಅಂದರೆ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದ ನೀವು.

ಈ ಕೆಲಸಕ್ಕೆ ಬಿಮ್ ಎನ್ನುತ್ತಾರೆ. ಹಳೆಯ ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ, ಅಷ್ಟೇ. ಅದು ಗೋಡೆ ಎಂದು ನೋಡುವ ಕಣ್ಣಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಬಿಮ್‌ನಲ್ಲಿ ಹಾಗಲ್ಲ. ಗೋಡೆ, ಕಂಬ, ತೊಲೆ, ಬಾಗಿಲು ಒಂದೊಂದೂ ಬೇರೆ ಬೇರೆ ವಸ್ತು. ಒಂದೊಂದಕ್ಕೂ ಅದರ ವರ್ಗ ಯಾವುದು ಎಂದು ಬರೆಯಲೇಬೇಕು. ವರ್ಗಗಳ ಅಂತರರಾಷ್ಟ್ರೀಯ ಪಟ್ಟಿಯ ಹೆಸರು ಐಎಫ್‌ಸಿ. 2013ರಲ್ಲಿ ಅದು ಐಎಸ್‌ಒ 16739 ಎಂಬ ಪೂರ್ಣ ಮಾನಕವಾಯಿತು. ವರ್ಗ ಬರೆಯಲು ಬಾರದವರಿಗೆ, ಬರೆಯಲು ಬೇಸರಪಡುವವರಿಗೆ ಅದರಲ್ಲೇ ಒಂದು ಕಸದ ಬುಟ್ಟಿಯೂ ಇದೆ. ‘ಬಿಲ್ಡಿಂಗ್ ಎಲಿಮೆಂಟ್ ಪ್ರಾಕ್ಸಿ’. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಏನೋ ಒಂದು’! ರೆವಿಟ್‌ನಲ್ಲಿ ‘ಜೆನೆರಿಕ್ ಮಾಡೆಲ್’ ಎಂದು ಬಿಟ್ಟ ವಸ್ತು ಹೊರಗೆ ಕಳಿಸುವಾಗ ಸಾಮಾನ್ಯವಾಗಿ ಹೋಗಿ ಬೀಳುವುದು ಇದೇ ಬುಟ್ಟಿಗೆ.

ಬಿದ್ದರೆ ಏನಾಯಿತು, ಚಿತ್ರ ಸರಿಯಾಗಿಯೇ ಕಾಣುತ್ತದಲ್ಲ ಎನ್ನುತ್ತೀರಾ? ಲೆಕ್ಕ ಹಾಕಿ. 10 ಮೀಟರ್ ಉದ್ದ, 3 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪದ ಕಲ್ಲುಗೋಡೆ ಅಂದರೆ 18 ಘನ ಮೀಟರ್. ನಮ್ಮ ಗೌಂಡಿಗಳ ಲೆಕ್ಕದಲ್ಲಿ ಆರು ಬ್ರಾಸಿಗೂ ಮಿಕ್ಕ ಕಲ್ಲು. ಗೋಡೆಗಳ ಪಟ್ಟಿ ತೆಗೆದಾಗ ಆ ಆರು ಬ್ರಾಸು ಅದರಲ್ಲಿ ಇರುವುದೇ ಇಲ್ಲ. ಗೋಡೆ ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ.

ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಪ್ರೆಸ್ಸು ನಡೆಸುವ ನಮಗೆ ಈ ರೋಗ ಹೊಸದಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ಲಗ್ನಪತ್ರಿಕೆ ಪರದೆಯ ಮೇಲೆ ಅಚ್ಚ ಕನ್ನಡವಾಗಿಯೇ ಕಾಣುತ್ತದೆ. ಆದರೆ ಒಳಗೆ ನಮ್ಮ ‘ಕ’ ಇಂಗ್ಲಿಷಿನ ‘ಪಿ’ಯಾಗಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ‘ಎ’ ಇಟ್ಟುಕೊಂಡು ಕೂತಿರುತ್ತದೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದು ನೋಡಿ, ಮದುಮಗನ ಹೆಸರು ಅವನ ತಾಯಿಗೂ ಓದಲು ಬಾರದು. ಯೂನಿಕೋಡ್ ಹಾಗಲ್ಲ. ಅಲ್ಲಿ ‘ಕ’ಕ್ಕೆ 3221 ಎಂಬ ಸ್ವಂತ ಸಂಖ್ಯೆ ಇದೆ. ಫಾಂಟು ಯಾವುದೇ ಇರಲಿ, ‘ಕ’ ಎಂದರೆ ‘ಕ’. ಕಾಣುವುದು ಒಂದು, ಇರುವುದು ಇನ್ನೊಂದು ಎಂಬ ಈ ಅವಾಂತರವೇ ವರ್ಗ ಬರೆಯದ ಬಿಮ್ ಫೈಲಿನಲ್ಲೂ ಇರುವುದು.

ಈಗ ಕನ್ನಡದ ಮಾತಿಗೆ ಬರೋಣ. ‘ಕಟ್ಟಡದ ತಾಂತ್ರಿಕ ಪದ ಕನ್ನಡದಲ್ಲಿ ಎಲ್ಲಿವೆ?’ ಎಂದು ಕೇಳುವ ಇಂಜಿನಿಯರುಗಳಿದ್ದಾರೆ. ಅವರನ್ನು ಶಿರಹಟ್ಟಿ, ಮುಂಡರಗಿ ಕಡೆಯ ಒಂದು ಹಳೆಯ ಮಣ್ಣಿನ ಮಾಳಿಗೆಯ ಮನೆಗೆ ಕರೆದುಕೊಂಡು ಹೋಗಿ, ಮೇಲೆ ನೋಡಿ ಎನ್ನಿ. ಭಾರ ಹೊತ್ತ ದೊಡ್ಡ ಮರ ತೊಲೆ. ಅದರ ಮೇಲೆ ಸಾಲಾಗಿ ಕೂತ ಸಣ್ಣ ಮರ ಜಂತಿ. ಐಎಫ್‌ಸಿ ಇವೆರಡನ್ನೂ ‘ಬೀಮ್’ ಎಂಬ ಒಂದೇ ವರ್ಗದಲ್ಲಿಟ್ಟು, ಒಳಗೆ ‘ಬೀಮ್’, ‘ಜಾಯ್‌ಸ್ಟ್’ ಎಂದು ಬೇರೆ ಮಾಡುತ್ತದೆ. ಓದು ಬಾರದ ನಮ್ಮ ಗೌಂಡಿ ಇದನ್ನು ಎಂದೋ ಬೇರೆ ಮಾಡಿಟ್ಟಿದ್ದಾನೆ! ಗೋಡೆಗೆ ಬಳಿದ ಗಿಲಾವಿಗೆ ‘ಕವರಿಂಗ್’ ಎಂಬ ವರ್ಗ ಇದೆ. ಆದರೆ ಕಂಬದ ತಲೆಯ ಮೇಲಿನ ಬೋದಿಗೆಗೆ? ಜೋಳ ತುಂಬಿಡುವ ಹಗೇವಿಗೆ? ಆ ಪಟ್ಟಿಯಲ್ಲಿ ಇವಕ್ಕೆ ಸ್ವಂತ ಖಾನೆ ಇಲ್ಲ. ನಮ್ಮಲ್ಲಿ ಪದ ಇದೆ, ಅವರಲ್ಲಿ ಖಾನೆ ಇಲ್ಲ. ಬಡತನ ಯಾರದು?

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋಗಿ. ಗದುಗಿನ ಮಗ್ಗುಲಲ್ಲೇ ಇರುವ ಲಕ್ಕುಂಡಿಗೆ ಹೋಗಿ, ಕಾಶಿವಿಶ್ವೇಶ್ವರ ಗುಡಿ ನೋಡಿ. ಜಗತಿ, ಕಂಬ, ಬೋದಿಗೆ, ನವರಂಗ, ಗರ್ಭಗುಡಿ, ಶಿಖರ. ಕಲ್ಲು ಕಲ್ಲಿಗೂ ಹೆಸರಿದೆ. ಆ ಹೆಸರು ಗೊತ್ತಿಲ್ಲದವನು ಇದನ್ನೆಲ್ಲ ಕಂಪ್ಯೂಟರಿಗೆ ಇಳಿಸಿದರೆ ಅರ್ಧ ಗುಡಿ ‘ಏನೋ ಒಂದು’ ಆಗಿ ಕೂರುತ್ತದೆ. ಐವತ್ತು ವರ್ಷದ ನಂತರ ಜೀರ್ಣೋದ್ಧಾರಕ್ಕೆ ಬಂದವನು ಬೋದಿಗೆಗಳೆಷ್ಟು ಎಂದು ಕೇಳಿದರೆ ಆ ಫೈಲು ಸೊನ್ನೆ ಎನ್ನುತ್ತದೆ.

ಹಾಗಾದರೆ ಇಂಗ್ಲಿಷ್ ವರ್ಗವನ್ನೆಲ್ಲ ಕಿತ್ತೊಗೆದು ಕನ್ನಡ ತುಂಬೋಣವೇ? ನಮ್ಮ ಕೆಲವು ಗೆಳೆಯರು ಹೀಗೇ ಘೋಷಣೆ ಕೂಗುತ್ತಾರೆ. ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ. ‘ಐಎಫ್‌ಸಿ ಕಾಲಮ್’ ಎಂಬುದನ್ನು ಇಂಗ್ಲಿಷ್ ಪದ ಎಂದುಕೊಳ್ಳುವುದಕ್ಕಿಂತ 3221ರ ಹಾಗೆ ಒಂದು ಗುರುತಿನ ಸಂಖ್ಯೆ ಎಂದುಕೊಳ್ಳಿ. ಅದನ್ನು ಅಳಿಸಿದರೆ ಜಪಾನಿನವನ ಯಂತ್ರವೂ ಓದುವುದಿಲ್ಲ, ಜಯನಗರದವನ ಯಂತ್ರವೂ ಓದುವುದಿಲ್ಲ. ಗುರುತು ಇರಲಿ. ಆದರೆ ಅದರ ಪಕ್ಕದಲ್ಲೇ ಹೆಸರು ಬರೆಯುವ ಜಾಗವಿದೆ, ಅದನ್ನು ಖಾಲಿ ಬಿಡುವುದೇಕೆ? ‘ಕುಮಾರವ್ಯಾಸನ ಕಂಬ’ ಎಂದು ಬರೆಯಿರಿ. ಬೋದಿಗೆಯಂಥದಕ್ಕೆ ಹತ್ತಿರದ ವರ್ಗ ಆರಿಸಿ, ಒಳಬಗೆಯನ್ನು ‘ಯೂಸರ್ ಡಿಫೈನ್ಡ್’ ಮಾಡಿ, ‘ಆಬ್ಜೆಕ್ಟ್ ಟೈಪ್’ ಎಂಬಲ್ಲಿ ‘ಬೋದಿಗೆ’ ಎಂದು ತುಂಬಿ. ಕಾನೂನಿಗೆ ಸರಿ, ಕನ್ನಡಕ್ಕೂ ಸರಿ. ಬರೆಯುವುದು ಮಾತ್ರ ಯೂನಿಕೋಡಿನಲ್ಲೇ ಇರಲಿ. ಹಳೆಯ ಫಾಂಟಿನಲ್ಲಿ ಬರೆದರೆ ಲಗ್ನಪತ್ರಿಕೆಯ ಗತಿಯೇ ಗುಡಿಗೂ ಬರುತ್ತದೆ.

ಕಲಿಯಲು ದುಡ್ಡಿಲ್ಲ ಎನ್ನಬೇಡಿ. ಮೊದಲು ಬ್ಲೆಂಡರ್‌ಬಿಮ್ ಎಂದಿದ್ದು 2024ರಲ್ಲಿ ಬೋನ್ಸಾಯ್ ಎಂದು ಹೆಸರು ಬದಲಿಸಿಕೊಂಡ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಐಎಫ್‌ಸಿಯನ್ನು ನೋಡಿಕೊಳ್ಳುವ ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆಯ ಮಾಹಿತಿ ನಿಘಂಟಿನಲ್ಲಿ ಒಂದೇ ವರ್ಗಕ್ಕೆ ಬೇರೆ ಬೇರೆ ಭಾಷೆಯ ಹೆಸರು ಜೋಡಿಸಲು ಅವಕಾಶವಿದೆ. ಅಲ್ಲಿಗೆ ಕಳಿಸಲು ಮೊದಲು ನಮ್ಮಲ್ಲಿ ಒಂದು ಪಟ್ಟಿ ಬೇಕು. ಒಬ್ಬ ತೊಲಿ, ಇನ್ನೊಬ್ಬ ತೊಲೆ ಎಂದು ಬರೆದರೆ ಯಂತ್ರಕ್ಕೆ ಅವು ಎರಡು ಬೇರೆ ಪದ. ಆಡುವಾಗ ಹೇಗಾದರೂ ಆಡಿ, ಪಟ್ಟಿಯಲ್ಲಿ ಒಂದೇ ರೂಪ ಇರಲಿ.

ದೀಪಾವಳಿಗೆ ಊರಿಗೆ ಬರುತ್ತೀರಲ್ಲ, ಆಗ ಬೆಟಗೇರಿಯಲ್ಲೋ ಮುಂಡರಗಿಯಲ್ಲೋ ಒಬ್ಬ ಹಿರಿಯ ಗೌಂಡಿಯನ್ನು ಹಿಡಿಯಿರಿ. ಹಳೆಯ ಮನೆಯೊಂದರ ಹೊಸ್ತಿಲಿನಿಂದ ಮಾಳಿಗೆಯ ತನಕ ಅವನು ಬೆರಳಿಟ್ಟು ತೋರಿಸಿದ ಪ್ರತಿಯೊಂದರ ಹೆಸರು, ಅದರ ಕೆಲಸ, ಫೋಟೋ ಸಮೇತ ಬರೆದು ತನ್ನಿ. ಟೈಪು ಮಾಡಿ ತಂದರೆ ಅಚ್ಚು ಹಾಕುವ ಖರ್ಚು ನಮ್ಮದು.