ಲಕ್ಷ ಡಾಲರ್ ಇನ್ಶುರನ್ಸು, ಐದು ಮಿಲಿಗ್ರಾಂ ಗುಳಿಗಿ

ಮಕ್ಕಳು ಕೆನಡಾದಾಗ ಇರೋ ಮನ್ಯಾಗೆಲ್ಲಾ ಈಗ ಒಂದ ಮಾತು ಭಾಳ ಕೇಳಸ್ತದ, 'ಸೂಪರ್ ವೀಸಾ'. ಹೆಸರು ಕೇಳಿದರ ನಮ್ಮನ್ನ ಏನೋ ಭಾರೀ ಮರ್ಯಾದಿ ಮಾಡಿ ಕರೀಲಿಕತ್ತಾರ ಅನಸ್ತದ. ನನ್ನ ಕೇಳಿದರ ಅದು ಪಿ.ಆರ್. ಕೊಡಲಿಕ್ಕೆ ಮನಸಿಲ್ಲದವರು ಕೈಯಾಗ ಇಟ್ಟ ಪೆಪ್ಪರಮಿಂಟು. ಅದರ ಜೋಡಿ ತಗೋಳಿಕ್ಕೇ ಬೇಕು ಅನ್ನೋ ಹೆಲ್ತ್ ಇನ್ಶುರನ್ಸಂತೂ ಅವರ ಖಜಾನಿ ಕಾಯಲಿಕ್ಕೆ ಮಾಡಿದ್ದು, ನಮ್ಮಂಥ ಮುದುಕರನ್ನ ಕಾಯಲಿಕ್ಕಲ್ಲ.

ಸಿಟ್ಟಿನಾಗ ಅಂದದ್ದಲ್ರಿ, ಇಸವಿ ನೋಡ್ರಿ. 2011ರ ನವೆಂಬರದಾಗ ಕೆನಡಾ ಸರಕಾರ ಅಪ್ಪ-ಅವ್ವಗ, ಅಜ್ಜ-ಅಜ್ಜಿಗೆ ಪಿ.ಆರ್. ಕೇಳೋ ಹೊಸಾ ಅರ್ಜಿ ತಗೋಳೋದು ಬಂದ್ ಮಾಡ್ತು. ಮುಂದಿನ ತಿಂಗಳನ ಸೂಪರ್ ವೀಸಾ ಶುರು ಮಾಡ್ತು. 2014ರಾಗ ಬಾಗಲಾ ತಗದರು, ಖರೇ ಆ ವರ್ಷಕ್ಕ ಬರೇ 5,000 ಅರ್ಜಿ. ಮ್ಯಾಲೆ, ಸ್ಪಾನ್ಸರ್ ಮಾಡೋ ಮಕ್ಕಳು 20 ವರ್ಷ ತಂದಿ-ತಾಯಿ ಖರ್ಚಿಗೆ ನಾವ ಜವಾಬ್ದಾರ ಅಂತ ಸಹಿ ಹಾಕಬೇಕು, ಮೊದಲ 10 ಇತ್ತು. ಆಮ್ಯಾಲೆ ಲಾಟರಿ ಬಂತು. 2020ರಾಗ ಹೆಸರು ಕೊಟ್ಟವರ ಪಟ್ಟಿಯಿಂದನ 2025ರ ತನಕ ಚೀಟಿ ಎತ್ತಿದರು. 2021ರಾಗ ಹೋದ ಹುಡುಗರಿಗೆ ಚೀಟಿ ಹಾಕಲಿಕ್ಕ ಡಬ್ಬೀನ ಇಲ್ಲ!

ಪಿ.ಆರ್. ಸಿಕ್ಕರ ಆ ಪ್ರಾಂತದ ಹೆಲ್ತ್ ಕಾರ್ಡ್ ಬರ್ತದ. ಸೂಪರ್ ವೀಸಾದವರಿಗೆ ಆ ಕಾರ್ಡ್ ಇಲ್ಲ. ಅದಕ್ಕ ಇನ್ಶುರನ್ಸು. ಕಡಿಮಿ ಅಂದ್ರ ಒಂದು ಲಕ್ಷ ಕೆನಡಾ ಡಾಲರಿಂದು, ಕಡಿಮಿ ಅಂದ್ರ ಒಂದು ವರ್ಷದ್ದು ಇರಬೇಕು, ಇಲಾಜು, ದವಾಖಾನಿ, ಊರಿಗೆ ವಾಪಸ್ ಕಳಸೋ ಖರ್ಚು ಎಲ್ಲಾ ಅದರಾಗ ಬರಬೇಕು. ಕೊಟೇಶನ್ ತೋರಸಿದರ ನಡಿಯಂಗಿಲ್ಲ, ರೊಕ್ಕ ಕಟ್ಟಿದ ಪಾಲಿಸೀನ ಬೇಕು. ಇದರ ಮ್ಯಾಲೆ ಅವರ ಪಟ್ಟಿಯೊಳಗಿನ ಡಾಕ್ಟರ ಕಡೇನ ಮೈ ತಪಾಸಣಿ ಬ್ಯಾರೆ.

ಇಷ್ಟೆಲ್ಲಾ ಬರದ ಸರಕಾರ ಒಂದ ಮಾತು ಬರದಿಲ್ಲ. ಮೊದಲಿಂದ ಇರೋ ಬ್ಯಾನಿಗೂ ಕಂಪನಿ ರೊಕ್ಕ ಕೊಡಬೇಕು ಅಂತ ಎಲ್ಲೂ ಇಲ್ಲ. ಅರವತ್ತು ದಾಟಿದವರಿಗೆ ಮತ್ತೇನಿರ್ತದ ಹೇಳ್ರಿ? ಬಿಪಿ, ಶುಗರ್, ಥೈರಾಯ್ಡ್. ಅಗ್ಗದ ಪಾಲಿಸಿದಾಗ ಇವು ಬರಂಗೇ ಇಲ್ಲ. ತುಟ್ಟಿದು ತಗೊಂಡರ 'ಸ್ಟೇಬಲ್' ಇದ್ದರ ಕೊಡ್ತೇವಿ ಅಂತಾರ.

ಈ 'ಸ್ಟೇಬಲ್' ಏನಂತ ನನಗ ತಿಳದದ್ದು ನನ್ನ ಗುಳಿಗಿಯಿಂದ. ಮಗಳ ಬಾಣಂತನಕ್ಕ ಹೊರಡೋಕಿಂತ ಒಂದ ತಿಂಗಳ ಮೊದಲ ನಮ್ಮ ಡಾಕ್ಟರರು ಬಿಪಿ ಗುಳಿಗಿ 5 ಮಿಲಿಗ್ರಾಂ ಇದ್ದದ್ದು 10 ಮಾಡಿದರು. ಅಳಿಯಾರು ಕಂಪನಿಗೆ ಫೋನ್ ಹಚ್ಚಿದರ, ಪಾಲಿಸಿ ಶುರು ಆಗೋಕಿಂತ ಹಿಂದಿನ 180 ದಿವಸದಾಗ ಡೋಸ್ ಬದಲಾಗಿದ್ದರ ಬಿಪಿಯಿಂದ ಆದದ್ದು ಯಾವುದೂ ಕವರ್ ಇಲ್ಲ ಅಂದರು. ಡೋಸ್ ಇಳಿಸಿದ್ದರ? ಅದೂ ಬದಲಾವಣೀನ ಅಂತ! ಆರಾಮ ಆಗಿ ಗುಳಿಗಿ ಕಡಿಮಿ ಆದರೂ ನೀವು ಸ್ಟೇಬಲ್ ಅಲ್ಲ.

ಇದರ ಪರಿಣಾಮ ಏನು ಗೊತ್ತದನು? ನಮ್ಮ ಓಣಿಯವರೊಬ್ಬರು ಎರಡ ತಿಂಗಳ ತಲಿ ತಿರಗಿದರೂ ದವಾಖಾನಿ ಕಡೆ ಹಾಯಲಿಲ್ಲ. "ಡಾಕ್ಟರ್ ಗುಳಿಗಿ ಬದಲ ಮಾಡಿದರ ಮಗನ ಹಂತೇಕ ಹೋಗೋದು ತಪ್ತದರಿ ವೈನಿ" ಅಂದರು. ಆರೋಗ್ಯದ ವಿಮಾಕ್ಕ ಅಂಜಿ ಆರೋಗ್ಯಾ ತೋರಸಲಾರದಂಗ ಆದರ ಆ ವಿಮಾ ಯಾ ಸೀಮಿದು?

ನಮ್ಮ ಮನಿಯವರು ಅಂತಾರ, "ತೆರಿಗಿ ಕಟ್ಟಲಾರದವರ ಔಷಧ ಅವರ್ಯಾಕ ಕೊಡಬೇಕಲೆ?" ಕೊಡೋದು ಬ್ಯಾಡ. ಇನ್ಶುರನ್ಸ ಕೇಳೋದ ತಪ್ಪು ಅಂತ ನಾ ಅನ್ನಾಕಿ ಅಲ್ಲ, ರೊಕ್ಕ ಕೊಟ್ಟೇ ತಗೊಂಡೇವಿ. ಹಂಗ ನೋಡಿದರ ತೆರಿಗಿ ಕಟ್ಟೋ ಮಗಳು ಕೆಲಸಕ್ಕ ವಾಪಸ್ ಹೋಗೋದು ಯಾರ ಜೀವದ ಮ್ಯಾಲೆ? ಕೂಸಿಗೆ ಎಣ್ಣಿ ಹಚ್ಚಿ ಎರಿಯೋದು, ಅಂಟಿನುಂಡಿ ಕಟ್ಟೋದು, ರಾತ್ರಿ ತೊಡಿ ಮ್ಯಾಲೆ ಹಾಕ್ಕೊಂಡು ಕೂಡೋದು, ಇದಕ್ಕ ಯಾ ದೇಶದಾಗೂ ಪಗಾರ ಇಲ್ಲ, ಲೆಕ್ಕಾನೂ ಇಲ್ಲ. ಇರಲಿ, ಅದು ಬ್ಯಾರೆ ಜಗಳ.

ನನ್ನ ತಕರಾರು ಸಣ್ಣದು. ಒತ್ತಾಯ ಮಾಡಿ ಕೊಳ್ಳಸೋರು ಒಳಗ ಏನಿರಬೇಕು ಅಂತನೂ ಹೇಳಬೇಕು. ನಮ್ಮಲ್ಲಿ ಸ್ಕೂಟರಿಗೆ ಥರ್ಡ್ ಪಾರ್ಟಿ ಇನ್ಶುರನ್ಸ ಕಡ್ಡಾಯ ಮಾಡಿದ ಕಾಯ್ದೆ, ಗಾಡಿ ಹಾಯ್ದು ಸತ್ತವರಿಗೆ, ಗಾಯ ಆದವರಿಗೆ ಕಂಪನಿ ಕೊಡಬೇಕು ಅಂತನೂ ಬರದದ. ಕೆನಡಾದವರು 2022ರಾಗ ಒಮ್ಮೆ ಬಂದರ ಐದು ವರ್ಷ ಇರ್ರಿ ಅಂದರು. 2025ರಾಗ ಹೊರದೇಶದ ಕಂಪನಿ ಪಾಲಿಸಿನೂ ನಡೀತದ, ಖರೇ ಅದಕ್ಕ ಅಲ್ಲಿ ಪರವಾನಗಿ ಇರಬೇಕು ಅಂದರು. ಎರಡ ಸಲ ನಿಯಮ ತಿದ್ದಿದರು. ಡಾಕ್ಟರ್ ಹೇಳಿ ಡೋಸ್ ಬದಲ ಮಾಡಿದ ಬಿಪಿ, ಶುಗರ್ ಕವರ್ ಇರಬೇಕು ಅಂತ ಇನ್ನೊಂದ ಸಾಲು ಸೇರಸಲಿಕ್ಕ ಏನ ಧಾಡಿ? ರೇಟ್ ಸ್ವಲ್ಪ ಏರ್ತದ, ಏರಲಿ. ಈಗಿನಂಗ ಅಗ್ಗದ ಪಾಲಿಸಿ ತಗೊಂಡು ವೀಸಾ ಸಿಕ್ತು ಅಂತ ಪೇಢಾ ಹಂಚಿ, ಐಸಿಯು ಬಿಲ್ ಬಂದಾಗ ಮಗಳು ಮನಿ ಮ್ಯಾಲೆ ಸಾಲಾ ತಗಿಯೋದಕ್ಕಿಂತ ಛಲೋ.

ಅಲ್ಲಿ ತನಕ ನಿಮ್ಮ ಮಕ್ಕಳು ಪಾಲಿಸಿ ಕಳಿಸಿದರ ಲಕ್ಷ ಡಾಲರ್ ಅನ್ನೋ ಸಾಲು ಬಿಡ್ರಿ, 'ಸ್ಟೇಬಲ್' ಅನ್ನೋದರ ಮುಂದ ಎಷ್ಟ ದಿವಸ ಬರದಾರ ಅದನ್ನ ಓದ್ರಿ. ನಮ್ಮ ಅಳಿಯಾರು 90 ದಿವಸದ್ದು ಬ್ಯಾರೆ ಕಂಪನಿದು ಹುಡುಕಿದರು, ತುಟ್ಟಿ ಆತು. ಆ 90 ದಿವಸ ತುಂಬೋ ತನಕ ನಾ ಇಲ್ಲೇ ಕೂತೆ. ಕೂಸಿನ ತೊಟ್ಟಲಾ ವಿಡಿಯೋದಾಗ ನೋಡಿದೆ, ಜೋಗುಳಾನೂ ಫೋನಿನಾಗ ಹಾಡಿದೆ.